‘ಹಡದವ್ವ’ ಎಲ್ಲಿ ನಿಲ್ಲಬೇಕು? ಬೀಸುವ ಪದಗಳ ಪುಸ್ತಕಕ್ಕೆ ಪುಟವಿನ್ಯಾಸ

ಬೀಸುಕಲ್ಲು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿ ಮತ್ತು ಅವಳ ಓರಗೆಯ ಹೆಂಗಸರು ಹಾಡಿದ ಬೀಸುವ ಪದಗಳು ನನ್ನ ವಹಿಯಲ್ಲಿ ನೂರಾ ನಲವತ್ತರಷ್ಟಿವೆ. ಎಲ್ಲವೂ ಚಿಂಚೋಳಿ ಕಡೆಯ ಒಂದೇ ಊರಿನವು. ಇನ್ನೂರು ಪ್ರತಿಗಳ ಪುಸ್ತಕ ಮಾಡಬೇಕೆಂದಿದ್ದೇನೆ. ಶುಭಸಂದೇಶ, ಮುನ್ನುಡಿ, ಹಿನ್ನುಡಿಗಳ ನಡುವೆ ಪದಗಳನ್ನು ಜೋಳದ ಚೀಲಗಳಂತೆ ಒಂದರ ಮೇಲೊಂದು ಪೇರಿಸಿದ ಪುಸ್ತಕ ನನಗೆ ಬೇಡ. ಪುಟ ತೆರೆದರೆ ಹಾಡುವವಳ ಉಸಿರು ತಿಳಿಯಬೇಕು. ಹಣ ನನ್ನದೇ, ಆದ್ದರಿಂದ ಹಟವೂ ನನ್ನದೇ.

ತೊಡಕು ಎಲ್ಲಿದೆ ಎಂದು ಒಂದು ಪದದಲ್ಲೇ ತೋರಿಸುತ್ತೇನೆ.

ಜೋಳದ ರಾಶೀಯ ಕಾಳಿಗೆ ಕಾಳಿಟ್ಟು
ಹೇಳಿ ಕಳಿಸೇನ ತವರೀಗೆ – ಹಡದವ್ವ
ಕೇಳಿ ಬರಬೇಕ ಬೆಳಗಾಗ

ಗಣದ ಲೆಕ್ಕ ಹಿಡಿದರೆ ‘ಹಡದವ್ವ’ ಎರಡನೆಯ ಸಾಲಿನ ಕೊನೆಯ ಗಣ. ಅರ್ಥದ ಲೆಕ್ಕ ಹಿಡಿದರೆ ಅದು ಮೂರನೆಯ ಸಾಲಿಗೆ ಸೇರಿದ್ದು, ತಾಯಿಯನ್ನು ಕರೆದು ಹೇಳುವ ಮಾತು. ಆಯಿ ಹಾಡುವಾಗ ಎರಡೂ ಲೆಕ್ಕ ತಪ್ಪುತ್ತದೆ. ‘ತವರೀಗೆ’ ಎಂದು ಎಳೆದು ನಿಲ್ಲಿಸುತ್ತಾಳೆ. ಕಲ್ಲು ಒಂದು ಸುತ್ತು ಸುಮ್ಮನೆ ತಿರುಗುತ್ತದೆ. ಆಮೇಲೆ ‘ಹಡದವ್ವ’ ಬರುತ್ತದೆ. ಮತ್ತೆ ಎರಡನೆಯ ಸಾಲನ್ನೇ ಹಿಡಿದು, ಈ ಬಾರಿ ಎಲ್ಲಿಯೂ ನಿಲ್ಲದೆ ‘ಹಡದವ್ವ’ದ ಮೇಲೆ ಕಾಲಿಟ್ಟು ಮೂರನೆಯ ಸಾಲಿಗೆ ದಾಟುತ್ತಾಳೆ. ಅಚ್ಚಾದ ಪುಸ್ತಕಗಳಲ್ಲಿ ಕೆಲವರು ಇದನ್ನು ಎರಡನೆಯ ಸಾಲಿನ ತುದಿಗೆ ಅಂಟಿಸುತ್ತಾರೆ, ಕೆಲವರು ನಾನು ಮೇಲೆ ಮಾಡಿದಂತೆ ಅಡ್ಡಗೆರೆ ಎಳೆಯುತ್ತಾರೆ, ಇನ್ನು ಕೆಲವರು ಅದಕ್ಕೊಂದು ಸಾಲು ಕೊಟ್ಟು ತ್ರಿಪದಿಯನ್ನು ಚೌಪದಿ ಮಾಡಿಬಿಡುತ್ತಾರೆ. ಮೂರರಲ್ಲಿ ಯಾವುದೂ ನನ್ನ ಆಯಿಯ ದನಿಯಲ್ಲ.

ಇಲ್ಲಿನ ಒಂದು ಮುದ್ರಣಾಲಯಕ್ಕೆ ಹೋಗಿದ್ದೆ. ಮರುದಿನವೇ ಮಾದರಿ ಪುಟ ಕೊಟ್ಟರು. ಪದವನ್ನು ಬೀಸುಕಲ್ಲಿನ ಆಕಾರದಲ್ಲಿ ದುಂಡಗೆ ಸುತ್ತಿದ್ದರು, ನಡುವೆ ಗೂಟ, ಪಕ್ಕದಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಒಬ್ಬ ಹೆಂಗಸಿನ ಚಿತ್ರ. ಅವಳು ಬೀಸುತ್ತಿರಲಿಲ್ಲ, ಮಜ್ಜಿಗೆ ಕಡೆಯುತ್ತಿದ್ದಳು.

ತಿಳಿದವರು ಹೇಳಿ.


ತೊಗರಿ ಕಣಜ, ಕಲಬುರಗಿ

ಅಕ್ಕಾ, ಮಜ್ಜಿಗೆಯವಳನ್ನು ತೆಗೆಸಿ, ದುಂಡು ಇರಲಿ. ಕಲ್ಲು ತಿರುಗುವಂತೆ ಅಕ್ಷರಗಳೂ ತಿರುಗಿದರೆ ಚೆಂದವೇ ಅಲ್ಲವೇ? ಮೊಬೈಲಿನಲ್ಲಿ ಹಂಚಿಕೊಳ್ಳಲೂ ಚೆನ್ನಾಗಿರುತ್ತದೆ.


ಪುಟ ಕಟ್ಟುವವ, ಕಲಬುರಗಿ

ಹದಿನೆಂಟು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಅಕ್ಕಾವರೇ, ಅಂಥ ದುಂಡು ಪುಟಗಳನ್ನು ನಾನೂ ಬೇಕಾದಷ್ಟು ಮಾಡಿಕೊಟ್ಟಿದ್ದೇನೆ, ಗಿರಾಕಿ ಕೇಳುತ್ತಾರೆ. ಆದರೆ ಕನ್ನಡ ಅಕ್ಷರ ದುಂಡಿಗೆ ಒಗ್ಗುವುದಿಲ್ಲ. ವೃತ್ತದ ಹೊರಗೆ ಬರೆದಾಗ ತಲೆಕಟ್ಟುಗಳು ಒಂದರಿಂದ ಒಂದು ದೂರವಾಗುತ್ತವೆ, ಕೆಳಗಿನ ಒತ್ತಕ್ಷರಗಳು ಒಳಗಡೆ ಒಂದರ ಮೈಮೇಲೆ ಒಂದು ಬೀಳುತ್ತವೆ. ‘ಕಾಳಿಟ್ಟು’ ಮತ್ತು ‘ಹಡದವ್ವ’ ಎರಡರಲ್ಲೂ ಒತ್ತು ಇದೆ, ಮಾದರಿ ಪುಟವನ್ನು ಮತ್ತೊಮ್ಮೆ ನೋಡಿ, ಅಲ್ಲಿ ಮಸಿಯ ಉಂಡೆಯಂತೆ ಕಾಣುತ್ತಿರಬೇಕು.

ಅದಕ್ಕಿಂತ ಮೊದಲು ಕೇಳಬೇಕಾದದ್ದು, ನಿಮ್ಮ ಕಡತ ಯಾವುದರಲ್ಲಿದೆ? ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿದ್ದರೆ ಯುನಿಕೋಡ್‌ಗೆ ತನ್ನಿ. ತಂದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ, ಪರಿವರ್ತನೆಯಲ್ಲಿ ಅವೇ ಮೊದಲು ದಾರಿ ತಪ್ಪುವುದು. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವುದಾದರೆ ವರ್ಲ್ಡ್ ರೆಡಿ ಕಂಪೋಸರ್ ಎಂಬ ಸೌಲಭ್ಯ ಆಯ್ಕೆಯಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಒತ್ತುಗಳು ಅಕ್ಷರದಿಂದ ಕಳಚಿ ಪಕ್ಕಕ್ಕೆ ಬಂದು ಕೂರುತ್ತವೆ.

ಅಕ್ಷರಶೈಲಿಗೆ ಟಿರೊ ಕನ್ನಡ ನೋಡಿ. ಗೆರೆಯಲ್ಲಿ ದಪ್ಪ-ತೆಳುವಿನ ಏರಿಳಿತವಿದೆ, ಪದ್ಯಕ್ಕೆ ಒಪ್ಪುತ್ತದೆ, ಹಣ ಕೊಡಬೇಕಿಲ್ಲ. ಅದಕ್ಕೆ ಬೇರೆ ದಪ್ಪಕ್ಷರವಿಲ್ಲ, ಅದೂ ಒಳ್ಳೆಯದೇ. ದಪ್ಪಕ್ಷರ ಕೈಗೆ ಸಿಕ್ಕರೆ ಯಾರಾದರೂ ‘ಹಡದವ್ವ’ವನ್ನು ದಪ್ಪ ಮಾಡಿಯೇ ತೀರುತ್ತಾರೆ. ಕಂಪ್ಯೂಟರಿನ ಗುಂಡಿ ಒತ್ತಿ ಅಕ್ಷರವನ್ನು ವಾಲಿಸುವುದಂತೂ ಬೇಡವೇ ಬೇಡ. ಇಂಗ್ಲಿಷಿನ ಓರೆ ಅಕ್ಷರಕ್ಕೆ ಅದರದೇ ಆದ ಕೈಬರಹದ ಪರಂಪರೆ ಇದೆ. ನಮ್ಮ ದುಂಡು ಅಕ್ಷರವನ್ನು ವಾಲಿಸಿದರೆ ಗಾಳಿಗೆ ಬಿದ್ದ ತೊಗರಿ ಹೊಲ.


ತೊಗರಿ ಕಣಜ, ಕಲಬುರಗಿ

ತೊಗರಿಯ ಮೇಲೆ ಏಕೆ ಸಿಟ್ಟು, ಅಣ್ಣಾ.


ಸಗರನಾಡು, ಸುರಪುರ

ದುಂಡು ವಿನ್ಯಾಸವನ್ನು ಇಷ್ಟು ಬೇಗ ಗುಡಿಸಿ ಹಾಕುವುದು ಸರಿಯಲ್ಲ. ನಾನು ಚಿತ್ರಕಲೆ ಕಲಿಸುವವನು, ಆದ್ದರಿಂದ ಈ ಪಕ್ಷ. ಅಕ್ಷರಗಳನ್ನು ಆಕಾರದಲ್ಲಿ ಕೂರಿಸುವುದು ನಮಗೆ ಹೊರಗಿನಿಂದ ಬಂದದ್ದಲ್ಲ. ಸಂಸ್ಕೃತ, ಕನ್ನಡ ಎರಡರಲ್ಲೂ ಚಿತ್ರಕಾವ್ಯವಿದೆ: ಪದ್ಮಬಂಧ, ನಾಗಬಂಧ, ಮುರಜಬಂಧ. ತಾವರೆಯ ನಡುವಿನ ಒಂದು ಅಕ್ಷರವನ್ನು ಎಲ್ಲ ಎಸಳುಗಳೂ ಹಂಚಿಕೊಳ್ಳುವಂತೆ ಪದ್ಯ ಕಟ್ಟುತ್ತಿದ್ದರು. ಫ್ರೆಂಚ್ ಕವಿ ಅಪೊಲಿನೇರ್ 1916ರಲ್ಲಿ ಮಳೆಯ ಕವಿತೆಯ ಅಕ್ಷರಗಳನ್ನು ಪುಟದ ಮೇಲಿನಿಂದ ಓರೆಯಾಗಿ ಹನಿಹನಿಯಾಗಿ ಇಳಿಸಿದಾಗ ಜಗತ್ತು ಬೆರಗಾಯಿತು. ನಾವು ಮಾಡಿದರೆ ಲಗ್ನಪತ್ರಿಕೆ ಎನ್ನುತ್ತೀರಿ.

ರಷ್ಯಾದ ಎಲ್ ಲಿಸಿಟ್ಸ್ಕಿ 1923ರಲ್ಲಿ ಮಾಯಕೋವ್ಸ್ಕಿಯ ಕವಿತೆಗಳಿಗೆ ಮಾಡಿದ ಪುಸ್ತಕದ ಚಿತ್ರಗಳನ್ನು ನಮ್ಮ ಮಕ್ಕಳಿಗೆ ತೋರಿಸಿದ್ದೆ. ಗಟ್ಟಿಯಾಗಿ ಓದಲೆಂದೇ ಮಾಡಿದ ಪುಸ್ತಕ ಅದು. ಬೇಕಾದ ಕವಿತೆಯನ್ನು ಥಟ್ಟನೆ ಹುಡುಕಲು ಪುಟಗಳ ಅಂಚನ್ನು ವಿಳಾಸದ ಪುಸ್ತಕದಂತೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದರು. ಕೆಂಪು, ಕಪ್ಪು ಎರಡೇ ಬಣ್ಣ, ಅಚ್ಚುಕೂಟದ ಕೇಸಿನಲ್ಲಿದ್ದ ಮೊಳೆ (ಅಚ್ಚಿನ ಸೀಸದ ಅಕ್ಷರ) ಮತ್ತು ಪಟ್ಟಿಗಳೇ ಚಿತ್ರ. ಹಾಡಿನ ಪುಸ್ತಕಕ್ಕೆ ಇಂಥ ಧೈರ್ಯ ಬೇಕು.


ಕರಡು ತಿದ್ದುವವಳು, ಕಲಬುರಗಿ

ಮಾಸ್ತರರೇ, ಪದ್ಮಬಂಧದ ಪದ್ಯದಲ್ಲಿ ತಾವರೆಯ ಮಾತೇ ಇರಬೇಕೆಂದಿಲ್ಲ. ಅಲ್ಲಿ ಆಕಾರವಿರುವುದು ಕವಿಯ ಕಸರತ್ತು ತೋರಿಸಲು. ಅಪೊಲಿನೇರನ ಮಳೆ ಬೇರೆ ಬಗೆಯದು, ಅಲ್ಲಿ ಓದುವ ಕಣ್ಣೇ ಹನಿಯ ಜೊತೆ ಇಳಿಯುತ್ತದೆ. ಬೀಸುವ ಪದಕ್ಕೆ ಕಲ್ಲಿನ ಚಿತ್ರ ಏನು ಮಾಡುತ್ತದೆ? ಬೀಸುವವಳಿಗೆ ಕಲ್ಲು ಕಾಣುವುದೇ ಇಲ್ಲ. ಕೋಳಿ ಕೂಗುವ ಮೊದಲಿನ ಕತ್ತಲೆ, ಮೂಲೆಯಲ್ಲಿ ಬುಡ್ಡಿ ದೀಪವಿದ್ದರೆ ಹೆಚ್ಚು. ಅವಳಿಗೆ ಗೊತ್ತಿರುವುದು ಗೂಟದ ಬಿಸಿ, ತೋಳಿನ ಸೋಲು, ಸದ್ದು. ಪುಟದಲ್ಲಿ ತರುವುದಾದರೆ ಅದನ್ನು ತರಬೇಕು.

ನನ್ನ ಕಸುಬಿಗೆ ಸೇರಿದ ಎರಡು ಮಾತು. ‘ರಾಶೀಯ’, ‘ತವರೀಗೆ’ ಎಂಬ ದೀರ್ಘಗಳು ತಪ್ಪಲ್ಲ, ಎಳೆದು ಹಾಡುವ ಗುರುತು. ಅವನ್ನು ಯಾರೂ ತಿದ್ದದಂತೆ ಕಾಯಿರಿ. ಎಳೆತ ಇನ್ನೂ ಹೆಚ್ಚಿದ್ದರೆ ನಮ್ಮ ವ್ಯಾಕರಣದಲ್ಲಿಯೇ ಪ್ಲುತವಿದೆ, ದೂರದವರನ್ನು ಕೂಗುವಾಗ ‘ಅಣ್ಣಾ೩’ ಎಂದು ಮೂರರ ಅಂಕಿ ಹಾಕುವ ಪದ್ಧತಿ. ಒಂದು ಸಣ್ಣ ಅಂಕಿ ದನಿಯ ಉದ್ದವನ್ನು ಹೇಳುತ್ತದೆ. ಅಕ್ಷರದಿಂದ ಭಾವ ಹೇಳಿಸುವುದು ಎಂದರೆ ನನಗೆ ಮೊದಲು ನೆನಪಾಗುವುದು ಆ ಅಂಕಿ.


ಬೀಸುಕಲ್ಲು, ಕಲಬುರಗಿ

ಅಕ್ಕಾ, ನಿಜ. ಆಯಿಯನ್ನು ಹಗಲಿನಲ್ಲಿ ಕೂರಿಸಿ ಹಾಡಿಸಿದಾಗ ಅರ್ಧ ಪದಗಳು ಅವಳಿಗೆ ನೆನಪಾಗಲಿಲ್ಲ. ಕಲ್ಲು ತಂದಿಟ್ಟು, ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿಸಿದ ಮೇಲೆ ಕಣ್ಣು ಮುಚ್ಚಿ ಒಂದರ ಹಿಂದೊಂದು ಹಾಡಿದಳು. ಆದರೆ ಅಂಕಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಓದುವ ಹುಡುಗರು ಅದನ್ನು ಅಡಿಟಿಪ್ಪಣಿ ಎಂದುಕೊಂಡು ಪುಟದ ಕೆಳಗೆ ಹುಡುಕುತ್ತಾರೆ.


ಹಳೆಯ ಮೊಳೆ, ಶಹಾಬಾದ್

ತಂಗಿ, ನಾನು ಇಪ್ಪತ್ತಾರು ವರ್ಷ ಮೊಳೆ ಜೋಡಿಸಿದವನು. ಕಂಪ್ಯೂಟರ್ ಬಂದ ಮೇಲೆ ಬಿಟ್ಟೆ. ಮೊಮ್ಮಗ ಈ ಚರ್ಚೆಯನ್ನು ಓದಿ ಹೇಳಿದ, ನಾನು ಹೇಳುತ್ತಿದ್ದೇನೆ, ಅವನು ಬರೆಯುತ್ತಿದ್ದಾನೆ. ತಪ್ಪಿದ್ದರೆ ಅವನದು.

ಈಗಿನವರಿಗೆ ಖಾಲಿ ಜಾಗವೆಂದರೆ ಏನೂ ಇಲ್ಲದ ಜಾಗ. ನಮಗೆ ಅದು ಕೈಯಿಂದ ಇಡುವ ವಸ್ತು. ಎರಡು ಶಬ್ದಗಳ ನಡುವೆ ಅಂತರ ಬೇಕೆಂದರೆ ಅಷ್ಟು ಅಗಲದ ಸೀಸದ ತುಂಡನ್ನು ಸ್ಟಿಕ್ಕಿನಲ್ಲಿ, ಅಂದರೆ ಸಾಲು ಜೋಡಿಸುವ ಕೈಪಟ್ಟಿಯಲ್ಲಿ, ಇಡಬೇಕು. ಅದು ಮೊಳೆಗಿಂತ ಗಿಡ್ಡ, ಮಸಿಯ ಉರುಳೆ ಅದನ್ನು ಮುಟ್ಟದೆ ಹೋಗುತ್ತದೆ, ಕಾಗದದ ಮೇಲೆ ಬಿಳಿ ಉಳಿಯುತ್ತದೆ. ಸಾಲಿನ ತುದಿಯಲ್ಲಿ ಉಳಿದ ಜಾಗಕ್ಕೆ ಕ್ವಾಡು, ಸಾಲುಗಳ ನಡುವೆ ಲೆಡ್ಡು, ಸುತ್ತಲೂ ಮರದ ತುಂಡುಗಳು. ಒಂದು ಕಡೆ ಸಡಿಲ ಬಿಟ್ಟರೆ ಚೌಕಟ್ಟು ಎತ್ತುವಾಗ ಇಡೀ ಪುಟ ಉದುರಿ ನೆಲದ ಮೇಲೆ. ಪದ್ಯದ ಪುಟ ಗದ್ಯದ ಪುಟದಷ್ಟೇ ತೂಗುತ್ತಿತ್ತು. ಆದ್ದರಿಂದ ಎಲ್ಲಿ ಎಷ್ಟು ಬಿಡಬೇಕೆಂದು ಯೋಚಿಸದೆ ಬಿಡುವ ಅಭ್ಯಾಸ ನಮಗೆ ಬರಲೇ ಇಲ್ಲ.

ಬಯಲಾಟದ ಪದಗಳ ಸಣ್ಣ ಪುಸ್ತಕಗಳನ್ನು ಜೋಡಿಸುವಾಗ ಭಾಗವತರು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ‘ಇಲ್ಲಿ ತಾಳ ಮುಗಿಯುತ್ತದೆ, ಇಲ್ಲಿ ಮುಗಿಯುವುದಿಲ್ಲ’ ಎನ್ನುವರು. ಮುಗಿಯದ ಕಡೆ ನಾನು ಶಬ್ದವನ್ನು ಅದೇ ನೇರದಲ್ಲಿ ಮುಂದಕ್ಕೆ ಇಟ್ಟು ಅರ್ಧ ಸಾಲು ಕೆಳಗಿಳಿಸುತ್ತಿದ್ದೆ. ಮೇಲೆ ಕೆಳಗೆ ಲೆಡ್ಡು ತುಂಬಿ ಕೂರಿಸಬೇಕು, ಬೆರಳು ನೋಯುತ್ತದೆ. ನಿನ್ನ ‘ಹಡದವ್ವ’ವನ್ನು ಹಾಗೆ ಇಳಿಸಿ ನೋಡು. ‘ತವರೀಗೆ’ ಎಲ್ಲಿ ಮುಗಿಯಿತೋ ಅಲ್ಲಿಂದ ಒಂದು ಉಸಿರಿನಷ್ಟು ಮುಂದೆ, ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ. ಅದು ಎರಡಕ್ಕೂ ಸೇರದು, ಎರಡನ್ನೂ ಬಿಡದು. ಅಡ್ಡಗೆರೆಯನ್ನು ಕಿತ್ತು ಹಾಕು.


ಪುಟ ಕಟ್ಟುವವ, ಕಲಬುರಗಿ

ಕಾಕಾ, ಕೈ ಮುಗಿದೆ. ಕಂಪ್ಯೂಟರಿನಲ್ಲಿ ಇದು ಎರಡು ನಿಮಿಷದ ಕೆಲಸ, ನನಗೆ ಹೊಳೆದಿರಲಿಲ್ಲ.

ಒಂದು ತೊಂದರೆ ಮುಂಚಿತವಾಗಿಯೇ ಹೇಳುತ್ತೇನೆ. ಅರ್ಧ ಸಾಲು ಇಳಿಸಿದರೆ ‘ವ್ವ’ದ ಒತ್ತು ಮೂರನೆಯ ಸಾಲಿನ ತಲೆಕಟ್ಟಿನ ಎತ್ತರಕ್ಕೆ ಬರುತ್ತದೆ. ಮೂರನೆಯ ಸಾಲು ಗಿಡ್ಡವಾಗಿರುವ ಪದಗಳಲ್ಲಿ ತೊಂದರೆಯಿಲ್ಲ, ಉದ್ದವಾದರೆ ಢಿಕ್ಕಿ ಹೊಡೆಯುತ್ತದೆ. 14 ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರ 24 ಪಾಯಿಂಟಾದರೂ ಇಡಿ. ಇಂಗ್ಲಿಷ್ ಪುಸ್ತಕ ನೋಡಿ ಅಂತರ ಇಡುವವರು ಕನ್ನಡವನ್ನು ಉಸಿರುಗಟ್ಟಿಸುತ್ತಾರೆ, ಅವರಿಗೆ ಕೆಳಗೆ ಒತ್ತು ಎಂಬ ಸಂಸಾರವೇ ಇಲ್ಲ.


ತೊಗರಿ ಕಣಜ, ಕಲಬುರಗಿ

ಕಾಕಾ, ನಿಮ್ಮ ಮೊಳೆಗಳೆಲ್ಲ ಈಗ ಎಲ್ಲಿವೆ?


ಹಳೆಯ ಮೊಳೆ, ಶಹಾಬಾದ್

ತೂಕದ ಲೆಕ್ಕದಲ್ಲಿ ಹೋದವು. ಸೀಸಕ್ಕೆ ಬೆಲೆ ಇತ್ತು, ಅಕ್ಷರಕ್ಕೆ ಇರಲಿಲ್ಲ. ಮಾಲೀಕರನ್ನು ಬೈಯಲಾರೆ, ಅವರು ನಮ್ಮ ಬಾಕಿ ಸಂಬಳ ಕೊಟ್ಟದ್ದು ಅದರಿಂದಲೇ. ಒಂದು ಕೇಸಿನಷ್ಟು ನನ್ನ ಬಳಿ ಇದೆ, 24 ಪಾಯಿಂಟಿನದು, ಅದರಲ್ಲಿ ‘ಳ’ ಒಂದೂ ಇಲ್ಲ. ಜೋಳವೂ ಇಲ್ಲ, ಕಾಳೂ ಇಲ್ಲ.


ಸಗರನಾಡು, ಸುರಪುರ

ಇದಕ್ಕೆ ತಿರುಗುಮುರುಗಾದ ಕಥೆ ಲಂಡನ್ನಿನಲ್ಲಿ ನಡೆದಿದೆ. ಡವ್ಸ್ ಪ್ರೆಸ್ ಎಂಬ ಅಚ್ಚುಕೂಟದ ಪಾಲುದಾರರಿಬ್ಬರು ಬೇರೆಯಾದರು. ತಾವು ಮಾಡಿಸಿದ ಮೊಳೆ ಇನ್ನೊಬ್ಬನ ಕೈ ಸೇರಬಾರದೆಂದು ಕಾಬ್ಡೆನ್-ಸ್ಯಾಂಡರ್‌ಸನ್ ಎಂಬ ಮುದುಕರು ರಾತ್ರಿಯ ಹೊತ್ತು ಹ್ಯಾಮರ್‌ಸ್ಮಿತ್ ಸೇತುವೆಯ ಮೇಲೆ ನಿಂತು ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಥೇಮ್ಸ್ ನದಿಗೆ ಸುರಿದರು. 1917ರ ಹೊತ್ತಿಗೆ ಮುಗಿಯಿತು. 2014ರಲ್ಲಿ ಮುಳುಗುಗಾರರು ಕೆಸರಿನಿಂದ ನೂರೈವತ್ತರಷ್ಟು ಮೊಳೆ ಎತ್ತಿದರು. ಕಾಕಾ ಅವರ ‘ಳ’ವನ್ನು ಯಾವ ಹೊಳೆಯಲ್ಲಿ ಹುಡುಕುವುದು?

ದುಂಡಿನ ವಿಷಯದಲ್ಲಿ ನಾನು ಹಿಂದೆ ಸರಿದಿದ್ದೇನೆ. ಆ ಕತ್ತಲೆಯ ಮಾತು ನಾಟಿತು.


ಅಷ್ಟೂರು ದಾರಿ, ಬೀದರ್

ತಡವಾಗಿ ಬಂದೆ. ಒಳಪುಟ ಸರಿಹೋಗುತ್ತಿದೆ, ಮುಖಪುಟ ಮತ್ತು ವಿಭಾಗಗಳ ಮೊದಲ ಪುಟಗಳ ಬಗ್ಗೆ ಯೋಚಿಸಿದ್ದೀರಾ, ಅಕ್ಕಾ? ನಮ್ಮೂರಿನಲ್ಲಿ ಅಕ್ಷರಕ್ಕೆ ಬರವಿಲ್ಲ. ಮಹಮೂದ್ ಗವಾನ್ ಮದರಸಾದಲ್ಲಿ 1472ರ ಕಾಲದ ಹೊಳಪಿನ ಬಿಲ್ಲೆಗಳ ಮೇಲಿನ ಬರಹ, ಅಷ್ಟೂರು ದಾರಿಯ ಚೌಖಂಡಿ ಎಂಬ ಗೋರಿ ಕಟ್ಟಡದಲ್ಲಿ ಕರಿಕಲ್ಲಿನ ಕಮಾನಿನ ಸುತ್ತ ಕೊರೆದ ಬರಹ. ಅರಬಿ ಓದಲು ನನಗೆ ಬಾರದು. ಆದರೂ ಆ ಕಮಾನಿನಡಿ ನಿಂತಾಗ ಗೆರೆ ಎಲ್ಲಿ ಏರಿತು, ಎಲ್ಲಿ ಒಟ್ಟುಗೂಡಿತು ಎಂದು ಕಣ್ಣು ಹಿಂಬಾಲಿಸುತ್ತದೆ.

ನನ್ನ ಸಲಹೆ ಬಿದರಿ. ಕಸೂತಿಯ ಚಿತ್ರದಂತೆ ಮುಖಪುಟಕ್ಕೆ ಬಿದರಿಯ ಫೋಟೊ ಹಾಕಿ ಎನ್ನುತ್ತಿಲ್ಲ. ಬಿದರಿಯ ಲೋಹದಲ್ಲಿ ಸತುವೇ ಬಹುಪಾಲು, ತಾಮ್ರ ಅಲ್ಪ. ಹಳೆಯ ಅಚ್ಚುಕೂಟಗಳಲ್ಲಿ ಚಿತ್ರಗಳಿಗೆ ಬಳಸುತ್ತಿದ್ದ ಬ್ಲಾಕುಗಳೂ ಸತುವಿನವೇ. ಕಸುಬುದಾರರು ಎರಕವನ್ನು ಅರದಿಂದ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಗೆರೆ ಬರೆದು, ಉಳಿಯಿಂದ ಕೊರೆಯುತ್ತಾರೆ. ಆ ತಗ್ಗಿನೊಳಗೆ ಬೆಳ್ಳಿಯ ತಂತಿ ಕೂರಿಸುವುದು ಆಮೇಲೆ. ಬೆಳ್ಳಿ ಕೂರಿಸುವ ಮೊದಲೇ ನಿಲ್ಲಿಸಿ ಮೇಲ್ಮೈಗೆ ಮಸಿ ಹಚ್ಚಿ ಅಚ್ಚೊತ್ತಿದರೆ ಏನಾಗುತ್ತದೆ? ಕೊರೆದದ್ದು ಬಿಳಿ, ಉಳಿದದ್ದೆಲ್ಲ ಕಪ್ಪು. ಬೆಳ್ಳಿಯಿಲ್ಲದೆಯೇ ಕಾಗದದ ಮೇಲೆ ಬಿದರಿ ಮೂಡುತ್ತದೆ.


ತೊಗರಿ ಕಣಜ, ಕಲಬುರಗಿ

ಮುಖಪುಟಕ್ಕೆ ಬಿದರಿ, ರಟ್ಟಿಗೆ ಖಾದಿ, ಬೆನ್ನಿಗೆ ಕೌದಿಯ ಹೊಲಿಗೆ. ಅಕ್ಕಾ, ಇನ್ನೊಂದು ಹೆಜ್ಜೆ ಹಾಕಿದರೆ ನುಮಾಯಿಷಿನ (ವಸ್ತುಪ್ರದರ್ಶನದ) ಮಳಿಗೆ ಆಗುತ್ತದೆ.


ಬೀಸುಕಲ್ಲು, ಕಲಬುರಗಿ

ತಮ್ಮ ಹೇಳಿದ್ದರಲ್ಲಿ ಸತ್ಯವಿದೆ, ಕೌದಿಯ ಯೋಚನೆ ನನ್ನ ತಲೆಯಲ್ಲಿ ನಿಜವಾಗಿಯೂ ಇತ್ತು. ಕೈಬಿಟ್ಟೆ. ಬಿದರಿಯನ್ನು ಒಂದೇ ಕಡೆ, ಪುಸ್ತಕದ ಹೆಸರಿರುವ ಒಳಪುಟದಲ್ಲಿ ಮಾತ್ರ ಪ್ರಯತ್ನಿಸುತ್ತೇನೆ. ‘ಬೀಸು’ ಎಂಬ ಎರಡಕ್ಷರ ಸಾಕು.


ಹಳೆಯ ಮೊಳೆ, ಶಹಾಬಾದ್

ಅಕ್ಷರವನ್ನು ಉಲ್ಟಾ ಕೊರೆಯಲು ಹೇಳು. ಮರೆಯಬೇಡ. ಮತ್ತು ತಗಡನ್ನು ಮರದ ಮೇಲೆ ಕೂರಿಸಿ ಮೊಳೆಯ ಎತ್ತರಕ್ಕೆ, 0.918 ಇಂಚಿಗೆ ಸರಿಯಾಗಿ ತರಬೇಕು. ಕೂದಲೆಳೆ ಕಡಿಮೆಯಾದರೂ ಮಸಿ ಮಚ್ಚೆಮಚ್ಚೆ.


ಅಷ್ಟೂರು ದಾರಿ, ಬೀದರ್

ಕಾಕಾ ಹೇಳಿದ್ದನ್ನು ನಾನು ಓದುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಕಸುಬುದಾರರು ‘ಬೀಸು’ವನ್ನು ನೆಟ್ಟಗೆ, ಬಲು ಅಂದವಾಗಿ ಕೊರೆದಿಟ್ಟಿದ್ದರು. ಅಚ್ಚೊತ್ತಿದರೆ ಉಲ್ಟಾ. ಉಲ್ಟಾ ಕೊರೆಯಿರಿ ಎಂದು ಕೇಳಿದಾಗ ಅವರು ನನ್ನ ಮುಖ ನೋಡಿ, ‘ಕನ್ನಡವನ್ನು ಅವಮಾನ ಮಾಡಲು ನನ್ನಿಂದ ಆಗದು’ ಎಂದರು. ತೆಳ್ಳನೆಯ ಕಾಗದದ ಮೇಲೆ ಬರೆದು, ತಿರುಗಿಸಿ, ಬೆಳಕಿಗೆ ಹಿಡಿದು ತೋರಿಸಿದ ಮೇಲೆ ನಕ್ಕರು. ಎರಡನೆಯ ತಗಡು ಮೂರು ದಿನದಲ್ಲಿ ಆಯಿತು. ಮೊದಲನೆಯದಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡಿ, ನನಗೇ ಕಾಗದ ಒತ್ತುವ ಬಿಲ್ಲೆಯಾಗಿ ಕೊಟ್ಟಿದ್ದಾರೆ.

ಅವರು ಕೊರೆದ ‘ಬ’ದ ಹೊಟ್ಟೆ ನೋಡಬೇಕು ನೀವು. ಕಂಪ್ಯೂಟರಿನ ಅಕ್ಷರದಲ್ಲಿ ತಿರುವು ಎಲ್ಲ ಕಡೆ ಒಂದೇ ನುಣುಪು. ಇಲ್ಲಿ ಉಳಿ ತಿರುಗಿದಲ್ಲೆಲ್ಲ ಒಂದು ಸಣ್ಣ ಮುರಿವು ಇದೆ, ಗೆರೆ ಒಳಹೋಗುವಾಗ ಅಗಲ, ಹೊರಬರುವಾಗ ಸೂಜಿಯ ಮೊನೆ. ‘ೀ’ದ ಬಾಲವನ್ನು ಯಾರೂ ಕೇಳದಿದ್ದರೂ ಸ್ವಲ್ಪ ಎಳೆದಿದ್ದಾರೆ. ಕೇಳಿದ್ದಕ್ಕೆ, ‘ನೀವೇ ಹೇಳಿದಿರಲ್ಲ, ಹಾಡಿನ ಪುಸ್ತಕವೆಂದು’ ಎಂದರು.


ಕರಡು ತಿದ್ದುವವಳು, ಕಲಬುರಗಿ

ಪ್ಲುತ ಬೇಡವೆಂದವರಿಗೆ ಪ್ಲುತ ತಾನಾಗಿಯೇ ಬಂತು.


ಸಗರನಾಡು, ಸುರಪುರ

ಒಂದು ಅಡ್ಡ ಮಾತು. ನಿಜಾಮರ ಕಾಲದಲ್ಲಿ ಉರ್ದು ಪುಸ್ತಕ, ಪತ್ರಿಕೆಗಳನ್ನು ಕಾತಿಬರು, ಅಂದರೆ ಲಿಪಿಕಾರರು, ಕೈಯಿಂದ ಬರೆದು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಇಳಿಜಾರಾಗಿ ಜಾರುವ ನಸ್ತಾಲೀಕ್ ಬರಹ ಸೀಸದ ಚೌಕಗಳಿಗೆ ಬಗ್ಗಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲಿಯೇ, 1817ರಲ್ಲಿಯೇ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮೊಳೆಯಲ್ಲಿ ಅಚ್ಚಾಗಿದ್ದರೂ. ಕಲ್ಲಚ್ಚಿಗೆ ಬೇಕಾದದ್ದು ನುಣುಪಾದ ಸುಣ್ಣಕಲ್ಲು. ಶಹಾಬಾದಿನ ಕಲ್ಲೂ ಸುಣ್ಣಕಲ್ಲೇ. ಕಾಕಾ ಅವರ ಮನೆಯ ಅಂಗಳದಲ್ಲಿಯೇ ಅಚ್ಚುಕೂಟ ಬಿದ್ದಿದೆಯಲ್ಲ?


ಹಳೆಯ ಮೊಳೆ, ಶಹಾಬಾದ್

ನಮ್ಮ ಅಡುಗೆಮನೆಯ ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಕಲೆ ಹೋಗುವುದೇ ಇಲ್ಲ. ಕಲ್ಲಚ್ಚಿನ ಗುಟ್ಟೂ ಅದೇ, ಜಿಡ್ಡು ಹಿಡಿದ ಕಡೆ ಮಸಿ, ನೀರು ಹಿಡಿದ ಕಡೆ ಬಿಳಿ. ಮಾಸ್ತರರೇ, ಸೊಸೆಯನ್ನು ಒಪ್ಪಿಸಿದರೆ ಒಂದು ಚಪ್ಪಡಿ ಕಿತ್ತು ಕೊಡುತ್ತೇನೆ.


ಬೀಸುಕಲ್ಲು, ಕಲಬುರಗಿ

ಪ್ರಾಯೋಗಿಕ ಹಾಳೆ ಬಂತು. ‘ಹಡದವ್ವ’ ಅರ್ಧ ಸಾಲು ಇಳಿದು ನಿಂತಿದೆ, ಅಡ್ಡಗೆರೆ ಇಲ್ಲ, ಪೂರ್ಣವಿರಾಮವೂ ಇಲ್ಲ. ಪುಟಕ್ಕೆ ಒಂದೇ ಪದ. ಪುಟದ ನಡುವಿಗಿಂತ ತುಸು ಕೆಳಗೆ ಕೂರಿಸಿದ್ದೇವೆ, ಬೀಸುವವಳು ನೆಲದ ಮೇಲೆ ಕೂರುವ ಎತ್ತರಕ್ಕೆ ಎಂದು ನಾನು ಹೇಳಿಕೊಂಡರೂ ನಿಜ ಸಂಗತಿ ಏನೆಂದರೆ ಅಲ್ಲಿ ಚೆನ್ನಾಗಿ ಕಂಡಿತು. ಮನೆಗೆ ಬಂದ ಐವರಿಗೆ ಏನೂ ಹೇಳದೆ ಗಟ್ಟಿಯಾಗಿ ಓದಲು ಕೊಟ್ಟೆ. ನಾಲ್ವರು ‘ತವರೀಗೆ’ಯ ಬಳಿ ತಡೆದು ನಿಂತರು. ನಿಲ್ಲದೆ ಓದಿದವರು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾರೆ.

ಒಂದು ಸಮಸ್ಯೆ. 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದದಲ್ಲಿ ಹಿಂದಿನ ಪುಟದ ಪದ ಈ ಕಡೆಯ ಬಿಳಿಯಲ್ಲಿ ಉಲ್ಟಾ ಇಣುಕುತ್ತಿದೆ. ಇಷ್ಟೆಲ್ಲ ಖಾಲಿ ಬಿಟ್ಟದ್ದು ಅದಕ್ಕಾಗಿ ಅಲ್ಲ.


ಪುಟ ಕಟ್ಟುವವ, ಕಲಬುರಗಿ

100 ಜಿಎಸ್‌ಎಂಗೆ ಹೋಗಿ, ಅಚ್ಚ ಬಿಳಿ ಬೇಡ, ನ್ಯಾಚುರಲ್ ಶೇಡ್ ಕೇಳಿ. ಎರಡೂ ಬದಿಯ ಸಾಲುಗಳು ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂರುವಂತೆ ಅಳತೆ ಇಡುತ್ತೇನೆ, ಆಗ ಇಣುಕಿದರೂ ಸಾಲಿನ ಹಿಂದೆಯೇ ಅಡಗುತ್ತದೆ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಲಿ. ಅಡ್ಡ ನಾರಿನ ಕಾಗದ ತಂದರೆ ಪುಟ ಸೆಟೆದು ನಿಲ್ಲುತ್ತದೆ, ಬೆರಳಿನಿಂದ ಒತ್ತಿಕೊಂಡೇ ಓದಬೇಕು.

ಅಂಟಿನ ಬೈಂಡಿಂಗ್ ಬೇಡ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಎರಡು ಬೇಸಿಗೆ ಕಳೆದರೆ ಬೆನ್ನು ಬಿರಿದು ಪುಟಗಳು ಕೈಗೆ ಬರುತ್ತವೆ.


ಬೀಸುಕಲ್ಲು, ಕಲಬುರಗಿ

ಬೈಂಡಿಂಗಿಗೆ ಊರಲ್ಲೇ ಒಬ್ಬರು ಸಿಕ್ಕಿದರು, ನಾನು ನಿರೀಕ್ಷಿಸದ ಕಡೆ. ಅಡತಿ ಅಂಗಡಿಗಳಿಗೆ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ಹೊಲಿದುಕೊಡುತ್ತಿದ್ದವರು. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿ, ಹಳೆಯ ಕುರಾನ್‌ಗಳ ಜಿಲ್ದು ಸರಿಪಡಿಸುವುದೇ ಹೆಚ್ಚು. ನನ್ನ ಹಾಳೆಗಳನ್ನು ಮಡಚಿ, ಕಟ್ಟುಕಟ್ಟಾಗಿ ಮೇಣ ಹಚ್ಚಿದ ದಾರದಿಂದ ಹೊಲಿದು ಒಂದು ಮಾದರಿ ಮಾಡಿಕೊಟ್ಟರು. ಮೇಜಿನ ಮೇಲೆ ಎಲ್ಲಿ ತೆರೆದರೂ ಅಲ್ಲೇ ಅಂಗಾತ ಮಲಗುತ್ತದೆ. ಕಿರ್ದಿ ಹಾಗೆ ತೆರೆಯದಿದ್ದರೆ ಗುಮಾಸ್ತ ಅದರಲ್ಲಿ ಬರೆಯುವುದು ಹೇಗೆ, ಎಂದರು. ಎರಡು ಪುಟದ ನಡುವಿನ ಸಂದಿಗೆ ‘ಹಡದವ್ವ’ ಬೀಳುವುದೆಂಬ ನನ್ನ ಭಯವೂ ಹೋಯಿತು.

ರಟ್ಟಿಗೆ ಅದೇ ಕೆಂಪು ಬಟ್ಟೆ. ಬೇರೆ ಏನೂ ಇಲ್ಲ.


ಅಷ್ಟೂರು ದಾರಿ, ಬೀದರ್

ನನಗೆ ಒಂದು ಪ್ರತಿ, ಕಸುಬುದಾರರಿಗೆ ಒಂದು. ಅವರು ತಮ್ಮ ಪ್ರತಿಯಲ್ಲಿ ‘ಬೀಸು’ ನೆಟ್ಟಗಿದೆಯೇ ಎಂದು ನೋಡಲು ಕಾಯುತ್ತಿದ್ದಾರೆ.


ಕರಡು ತಿದ್ದುವವಳು, ಕಲಬುರಗಿ

ನೀವು ಹಾಕಿದ ಪ್ರಾಯೋಗಿಕ ಹಾಳೆಯ ಫೋಟೊ ದೊಡ್ಡದು ಮಾಡಿ ನೋಡಿದೆ. ಮೊದಲ ಸಾಲಿನಲ್ಲಿ ‘ರಾಶಿಯ’ ಎಂದಿದೆ. ಮೇಲೆ ನೀವು ಬರೆದಿರುವುದು ‘ರಾಶೀಯ’. ಯಾರ ಕೆಲಸ ಇದು?


ಬೀಸುಕಲ್ಲು, ಕಲಬುರಗಿ

ಅಯ್ಯೋ. ಬೆರಳಚ್ಚು ಮಾಡಿದ ಹುಡುಗ ‘ಹಡದವ್ವ’ವನ್ನೂ ‘ಹಡೆದವ್ವ’ ಮಾಡಿದ್ದ, ಅದನ್ನು ಹಿಡಿದಿದ್ದೆ. ಇದು ತಪ್ಪಿಸಿಕೊಂಡಿದೆ. ಇನ್ನೂ ನೂರಾ ಮೂವತ್ತೊಂಬತ್ತು ಪದಗಳಿವೆ, ಅಕ್ಕಾ. ಭಾನುವಾರ ಬಿಡುವಿದೆಯೇ? ವಹಿ ತೆಗೆದುಕೊಂಡು ಬರುತ್ತೇನೆ, ಆಯಿಯನ್ನೂ ಕರೆದುಕೊಂಡು ಬರುತ್ತೇನೆ. ಅವಳು ಹಾಡಲಿ, ನಾವಿಬ್ಬರೂ ದೀರ್ಘ ನೋಡೋಣ.